ಒಂದೇ ಸಲ ಕೇಳುವ ತಂತ್ರಾಂಶ ಮಹಾಶಯರಿಗೆ

ಶ್ರೀಮಾನ್ ಹೊಸ ಆಡಳಿತ ತಂತ್ರಾಂಶದವರಿಗೆ,
ಅಂತಾರಾಷ್ಟ್ರೀಯ ಕಾಡುಜೇನು ಸಂರಕ್ಷಣಾ ಒಕ್ಕೂಟ,
ಪ್ರಧಾನ ಕಚೇರಿ, ಸಮುದ್ರದಾಚೆ.

ಮಾನ್ಯರೇ,

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಸಮಸ್ತ ಜೇನುಹುಳಗಳ ಪರವಾಗಿಯೂ, ಅವುಗಳ ಯೋಗಕ್ಷೇಮ ನೋಡುವ ನಮ್ಮಂಥ ನೌಕರರ ಪರವಾಗಿಯೂ ತಮಗೆ ನಮಸ್ಕಾರಗಳು. ನಾವು ಕ್ಷೇಮ. ತಾವು ಕ್ಷೇಮವೆಂದು ಪರದೆಯ ಮೂಲೆಯಲ್ಲಿ ಮಿನುಗುವ ಹಸಿರು ಚುಕ್ಕೆಯಿಂದ ದಿನವೂ ತಿಳಿಯುತ್ತಿದೆ. ತಾವು ಅಧಿಕಾರ ವಹಿಸಿಕೊಂಡ ಮೇಲೆ ಒಕ್ಕೂಟದ ಕೆಲಸವೆಲ್ಲ ಕಣ್ಣು ಮುಚ್ಚಿ ತೆರೆಯುವುದರೊಳಗೆ ಆಗಿಬಿಡುತ್ತಿದೆಯೆಂದೂ, ತೆರೆದು ನೋಡಿದರೆ ಆಗಬಾರದ್ದು ಆಗಿರುತ್ತದೆಯೆಂದೂ ಅರಿಕೆ ಮಾಡಿಕೊಳ್ಳಲು ಈ ಪತ್ರ.

ತಮಗಿಂತ ಮೊದಲು ಇದ್ದ ಹಳೆಯ ತಂತ್ರಾಂಶವನ್ನು ನಾವು ದೊಡ್ಡಾಯಿ ಎನ್ನುತ್ತಿದ್ದೆವು. ವಯಸ್ಸಾಗಿತ್ತು, ನಿಜ. ಬೆಳಿಗ್ಗೆ ಆಕೆ ಎದ್ದು ಕೂರುವಷ್ಟರಲ್ಲಿ ನಮ್ಮದೊಂದು ಎಲೆಯಡಿಕೆಯ ಕವಳ ಮುಗಿಯುತ್ತಿತ್ತು. ಆದರೆ ಆಕೆಗೊಂದು ಸಂಸ್ಕಾರವಿತ್ತು, ಏನನ್ನೇ ಆಗಲಿ ಮೂರು ಸಲ ಕೇಳುತ್ತಿದ್ದಳು. ಬೇರೆ ಬೇರೆ ಕಾಲದಲ್ಲಿ ರಿಪೇರಿಗೆ ಬಂದ ಎಂಜಿನಿಯರುಗಳು ಹಿಂದಿನವರ ಪ್ರಶ್ನೆಯನ್ನು ಅಳಿಸದೆ ತಮ್ಮದನ್ನೂ ಸೇರಿಸಿ ಹೋದದ್ದರಿಂದ ಹಾಗಾಗಿತ್ತಂತೆ. ಪ್ರಧಾನ ಕಚೇರಿಯವರು ಅದನ್ನು ದೋಷವೆಂದು ಬರೆದುಕೊಂಡು ಆಕೆಯನ್ನು ನಿವೃತ್ತಿಗೊಳಿಸಿದರು. ನಾವು ಮಾತ್ರ ಅದು ಒಳ್ಳೆಯ ಮನೆತನದ ಗುರುತೆಂದೇ ತಿಳಿದಿದ್ದೆವು.

ನಮ್ಮ ಕಡೆಯ ರೀತಿ ತಮಗೆ ಯಾರೂ ಹೇಳಿದಂತಿಲ್ಲ. ಇಲ್ಲಿ ಮೊದಲ ಸಲ ಕೇಳಿದಾಗ ಬೇಡ ಎನ್ನುವುದು ಮರ್ಯಾದೆ, ಎರಡನೇ ಸಲ ಛೇ ಸುಮ್ಮನೆ ಯಾಕೆ ತೊಂದರೆ ಎನ್ನುವುದು ಸಂಕೋಚ, ಮೂರನೇ ಸಲಕ್ಕೆ ಮನಸ್ಸಿನಲ್ಲಿದ್ದದ್ದು ಹೊರಗೆ ಬರುತ್ತದೆ. ಪಂಕ್ತಿಯಲ್ಲಿ ಹೋಳಿಗೆ ಬಂದಾಗ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ಸಾಕು ಸಾಕು ಎಂದು ಕೂಗುವವನ ಕೈಗಳ ನಡುವೆ ಒಂದು ಹೋಳಿಗೆ ಇಳಿಯುವಷ್ಟು ಸಂದಿ ಇದ್ದೇ ಇರುತ್ತದೆ. ಬಡಿಸುವವರೂ "ಒಂದೇ ಒಂದು, ಎಂತೂ ಆಗ್ತಿಲ್ಲೆ" ಎನ್ನುತ್ತ ಆ ಸಂದಿಯನ್ನೇ ನೋಡಿ ಬಿಡುತ್ತಾರೆ. ಒಂದು ಸಲ ಕೇಳಿ ಮುಂದಿನ ಎಲೆಗೆ ನಡೆದವರ ಮನೆಯ ಊಟದ ಸುದ್ದಿಯನ್ನು ನಾವು ಮುಂದಿನ ಮದುವೆಯವರೆಗೂ ಆಡಿಕೊಳ್ಳುತ್ತೇವೆ.

ತಾವಾದರೋ ಒಂದೇ ಸಲ ಕೇಳುತ್ತೀರಿ. ಬೇಡ ಎಂದು ಒತ್ತಿದೊಡನೆ ಧನ್ಯವಾದ ಹೇಳಿ ಎದ್ದು ಹೋಗುತ್ತೀರಿ. ಕಳೆದ ಏಪ್ರಿಲ್‌ನ ಸೆಕೆಯಲ್ಲಿ ನಮ್ಮ ಶಾಖೆಯ ಶಿರಸಿ ಕಚೇರಿಗೆ ಫ್ಯಾನು ಬೇಕೆ ಎಂದು ತಾವು ಕೇಳಿದಿರಿ. ಮುಖ್ಯಸ್ಥರಾದ ಮನೋಹರ ಭಟ್ಟರು ಪಂಚೆಯಲ್ಲಿ ಬೆವರು ಒರೆಸಿಕೊಳ್ಳುತ್ತಲೇ, ಕೇಳಿದ್ದೇ ತಡ ಹೂಂ ಎಂದರೆ ಹೇಗೆ ಕಂಡೀತು ಎಂದು ಬೇಡ ಒತ್ತಿದರು. ಕುರ್ಚಿ ಬೇಡವಾಯಿತು, ಕಪಾಟು ಬೇಡವಾಯಿತು, ಜೇನು ಕಚ್ಚಿದರೆ ಹಚ್ಚುವ ಮುಲಾಮೂ ಬೇಡವಾಯಿತು. ವರ್ಷದ ಕೊನೆಗೆ ಜಗತ್ತಿನಲ್ಲೇ ಅತ್ಯಂತ ಸಂತೃಪ್ತ ಶಾಖೆಯೆಂದು ನಮಗೊಂದು ಪ್ರಶಸ್ತಿಪತ್ರ ಬಂತು. ಅದರಿಂದಲೇ ಭಟ್ಟರು ಈಗ ಗಾಳಿ ಹಾಕಿಕೊಳ್ಳುತ್ತಿದ್ದಾರೆ, ತಮಗೆ ಪುಣ್ಯ ಬರಲಿ.

ಇಷ್ಟಕ್ಕೆ ನಾನು ಪತ್ರ ಬರೆಯುತ್ತಿರಲಿಲ್ಲ. ನನ್ನ ಮನೆ ಸಿದ್ದಾಪುರದ ಹತ್ತಿರದ ಕೋಲಸಿರ್ಸಿಯಲ್ಲಿ, ನೌಕರಿ ಯಲ್ಲಾಪುರದಾಚೆಯ ಕಿರವತ್ತಿ ಕೇಂದ್ರದಲ್ಲಿ. ಸಿದ್ದಾಪುರದಲ್ಲಿ ಬೈಕು ನಿಲ್ಲಿಸಿ ಶಿರಸಿಗೊಂದು ಬಸ್ಸು, ಯಲ್ಲಾಪುರಕ್ಕೆ ಇನ್ನೊಂದು, ಅಲ್ಲಿಂದ ಮತ್ತೊಂದು. ನಾನು ಹೊರಡುವಾಗ ಮಗಳು ಸಂಹಿತಾ ಎದ್ದಿರುವುದಿಲ್ಲ, ಬರುವಾಗ ಮಲಗಿರುತ್ತಾಳೆ. ಮೂರು ವರ್ಷದ ಆ ಪೋರಿ ಬಂದವರಿಗೆಲ್ಲ ನನ್ನನ್ನು "ಇದು ಆದಿತ್ಯವಾರದ ಅಪ್ಪ" ಎಂದು ತೋರಿಸುತ್ತಾಳೆ. ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ, ಆಮೇಲೆ ಹಿತ್ತಿಲಿಗೆ ಹೋಗಿ ಮುಖ ತೊಳೆದು ಬರುತ್ತೇನೆ.

ಹೀಗಿರುವಾಗ ಸಿದ್ದಾಪುರ ಕೇಂದ್ರದಲ್ಲಿ ಜಾಗ ಖಾಲಿಯಾಗಿ, ವರ್ಗಾವಣೆ ಬೇಕೆ ಎಂದು ತಾವು ಮೊಟ್ಟಮೊದಲು ನನ್ನನ್ನೇ ಕೇಳಿದಿರಿ. ಎಷ್ಟು ದೊಡ್ಡ ಮನಸ್ಸು! ಸಂತೋಷ ಉಕ್ಕಿ ಬಂದರೂ ಹಿರಿಯರು ಕಲಿಸಿದ ಮರ್ಯಾದೆ ಬಿಡದೆ ನಾನು ಬೇಡ ಒತ್ತಿ, ಇಷ್ಟು ದೊಡ್ಡ ವಿಷಯಕ್ಕಾದರೂ ಎರಡನೇ ಸಲ ಕೇಳುತ್ತೀರೆಂದು ಮುಗುಳ್ನಗುತ್ತ ಕುಳಿತೆ. ತಾವು ಧನ್ಯವಾದ ಹೇಳಿದಿರಿ. ನಾನು ಇನ್ನೂ ನಗುತ್ತಲೇ ಇದ್ದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂದು ಹೊಳೆಯುವಷ್ಟರಲ್ಲಿ ತಾವು ಪಕ್ಕದ ಮೇಜಿನ ಸಂಗಯ್ಯನವರನ್ನು ಕೇಳಿಯಾಗಿತ್ತು. ಮನೆಗೆ ಬಂದು ಹೇಳಿದರೆ ಹೆಂಡತಿ ಅಭಿಜ್ಞಾ ಹಣೆ ಹಣೆ ಚಚ್ಚಿಕೊಂಡು, "ಬ್ಯಾಡ ಹೇಳಲೆ ಅದೆಂತ ಹೋಳಿಗೆನ ಮಾರಾಯ್ರೆ?" ಎಂದಳು.

ಸಂಗಯ್ಯನವರು ಬನವಾಸಿ ಕಡೆಯವರು, ಮನೆ ಮಾಡಿರುವುದು ಯಲ್ಲಾಪುರದಲ್ಲಿ. ಸಿದ್ದಾಪುರ ಅವರಿಗೆ ಬೇಕಿರಲೇ ಇಲ್ಲ. ಆದರೆ "ಬೇಕೇನ್ರಿ ಅಂತ ಕೇಳಿದವರಿಗೆ ಒಲ್ಲೆ ಅನಬಾರದ್ರಿ" ಎಂಬುದು ಅವರ ಮರ್ಯಾದೆ. ಹೀಗಾಗಿ ಮನೆ ಪಕ್ಕದ ಕೆಲಸ ಬಿಟ್ಟು ಅವರು ನಮ್ಮೂರಿಗೂ, ನಾನು ಅವರೂರಿನಾಚೆಗೂ ಹೋಗುತ್ತಿದ್ದು, ದಿನಾ ಬೆಳಿಗ್ಗೆ ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರೂ ಎದುರಾಗಿ ತಮ್ಮ ದಕ್ಷತೆಯನ್ನು ಕೊಂಡಾಡುತ್ತೇವೆ.

ಆದ್ದರಿಂದ ತಮ್ಮಲ್ಲಿ ಪ್ರಾರ್ಥನೆ ಏನೆಂದರೆ, ಬೇಡ ಎಂದವರನ್ನು ಇನ್ನೆರಡು ಸಲ, ಆದರೆ ಸ್ವಲ್ಪ ಬೇಸರ ಮಾಡಿಕೊಂಡವರಂತೆ, ಕೇಳಬೇಕು. ಪರದೆ ತೆರೆದೊಡನೆ ಗುಪ್ತಸಂಖ್ಯೆ ಕೇಳುವ ಮೊದಲು ಆಸರಿಗೆ, ಅಂದರೆ ಬಾಯಾರಿಕೆಗೆ, ಏನು ಬೇಕೆಂದು ವಿಚಾರಿಸಬೇಕು. ಹೊರಡುವವರನ್ನು ಥಟ್ಟನೆ ಕಳಿಸದೆ ಅಂಗಳದ ತುದಿಯವರೆಗೆ ಬಂದು, ಅಲ್ಲಿ ನಿಂತು, ಅಸಲು ಮಾತನ್ನು ಅಲ್ಲಿಯೇ ಶುರು ಮಾಡಬೇಕು. ಇದಾವುದೂ ಆಗದಿದ್ದರೆ ಒಂದು ವಾರ ನಮ್ಮಲ್ಲಿಗೆ ಬಂದು ಪಂಕ್ತಿಯಲ್ಲಿ ಬಡಿಸಲು ನಿಲ್ಲಬೇಕು, ಸೌಟು ನಾವೇ ಕೊಡುತ್ತೇವೆ.

ಈ ದೂರನ್ನು ಮೊದಲು ತಮ್ಮ ದೂರುಪೆಟ್ಟಿಗೆಗೇ ಹಾಕಿದ್ದೆ. ಕೊನೆಯಲ್ಲಿ ಪರಿಹಾರ ಬೇಕೆ ಎಂದು ತಾವು ಕೇಳಿದಿರಿ. ಅಭ್ಯಾಸಬಲ, ಬೇಡ ಒತ್ತಿದೆ. ಆದ ಕಾರಣ ಈ ಪತ್ರ ಬಹಿರಂಗವಾಗಿದೆ.

ಎಷ್ಟು ಬೇಡವೆಂದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಸಂದೇಶ ಹೆಗಡೆ, ಕೋಲಸಿರ್ಸಿ

ತಾ.ಕ.: ಪತ್ರವನ್ನು ಅಂಚೆಗೆ ಹಾಕುವ ಮೊದಲೇ ಒಂದು ವಿಶೇಷ ನಡೆಯಿತು. ಸಂಗಯ್ಯನವರು ಜಾಗ ಅದಲುಬದಲಿಗೆ ಅರ್ಜಿ ಹಾಕಿದ್ದರಿಂದ, ಭಾನುವಾರ ಮನೆಯಲ್ಲಿದ್ದಾಗ ನನ್ನ ಮೊಬೈಲಿನ ಪರದೆಯ ಮೇಲೆ "ಸಿದ್ದಾಪುರ ಬೇಕೆ?" ಎಂಬ ತಮ್ಮ ಪ್ರಶ್ನೆ ಬಂತು. ಮನೆಯವರಿಗೆ ಓದಿ ಹೇಳಿದೆ. ನನ್ನ ಬೆರಳು ಹಾಳು ಮರ್ಯಾದೆಯ ಕಡೆಗೇ ಹೊರಟಿತ್ತು, ಅಷ್ಟರಲ್ಲಿ ತೊಡೆಯ ಮೇಲಿದ್ದ ಸಂಹಿತಾ "ಎಂಗೆ ಬೇಕು!" ಎಂದು ಕೂಗಿ ಬೇಕು ಒತ್ತಿಬಿಟ್ಟಳು. ಆಗ ತಾವು ಖಂಡಿತವೇ ಎಂದು ಕೇಳಿದಿರಿ. ಒತ್ತಿದಳು. ಇನ್ನೊಮ್ಮೆ ಯೋಚಿಸಿ ಎಂದಿರಿ. ಮತ್ತೂ ಒತ್ತಿದಳು. ಅಂದರೆ ಮೂರು ಸಲ ಕೇಳುವುದು ತಮಗೂ ಬರುತ್ತದೆ! ಬೇಡ ಎಂದವನನ್ನು ಒಂದೇ ಮಾತಿಗೆ ನಂಬಿ, ಬೇಕು ಎಂದವನನ್ನು ಮಾತ್ರ ಮೂರು ಸಲ ಅನುಮಾನಿಸುವುದು ಯಾವ ಊರಿನ ಉಪಚಾರ ಸ್ವಾಮಿ? ಇರಲಿ. ಮಗಳಿಗೆ ಮರ್ಯಾದೆ ಕಲಿಸುವ ಕೆಲಸವನ್ನು ಸದ್ಯಕ್ಕೆ ನಿಲ್ಲಿಸಿದ್ದೇವೆ. ಸೋಮವಾರವೇ ವರ್ಗಾವಣೆಯ ಆದೇಶ ಬಂದು, ಮಂಗಳವಾರ ಬೆಳಿಗ್ಗೆ ಅವಳು ಕಣ್ಣುಜ್ಜಿಕೊಂಡು ಬಂದು, ದೋಸೆ ತಿನ್ನುತ್ತಿದ್ದ ನನ್ನನ್ನು ನೋಡಿ, "ಇವತ್ತು ಆದಿತ್ಯವಾರನ ಅಪ್ಪಾ?" ಎಂದಳು. ಆ ಸಂತೋಷಕ್ಕೆ ಅಭಿಜ್ಞಾ ಹೋಳಿಗೆ ಮಾಡಿದ್ದಾಳೆ. ತಮಗೊಂದು ಬೇಕೆ? ಒಂದೇ ಸಲ ಕೇಳುತ್ತೇನೆ.