ಮಾತ್ರೆಗೊಂದು ತುಳಸಿ ಎಲೆ

ಉಡುಪಿಯ ಬನ್ನಂಜೆಯಲ್ಲಿ ನನ್ನದೊಂದು ಮೆಡಿಕಲ್ ಶಾಪ್ ಉಂಟು. ಜ್ವರ, ಶೀತ, ಹೊಟ್ಟೆನೋವು ಅಂತ ಬರುವವರಿಂದ ನನಗೆ ಯಾವ ಉಪದ್ರವೂ ಇಲ್ಲ. ಚೀಟಿ ಕೊಡುತ್ತಾರೆ, ಮಾತ್ರೆ ತೆಗೆದುಕೊಳ್ಳುತ್ತಾರೆ, ಹೋಗುತ್ತಾರೆ. ವಿಟಮಿನ್ ಕೇಳಿಕೊಂಡು ಬರುವವರದ್ದೇ ಬೇರೆ ನಮೂನೆ. ಅವರಲ್ಲಿ ಹೆಚ್ಚಿನವರಿಗೆ ಕಾಯಿಲೆ ಇಲ್ಲ, ಹಾಗಾಗಿ ಪುರುಸೊತ್ತು ಉಂಟು. ಡಬ್ಬಿಯನ್ನು ನಾಲ್ಕು ಕಡೆಯಿಂದ ತಿರುಗಿಸಿ ನೋಡುತ್ತಾರೆ, ಅಲ್ಲಾಡಿಸಿ ಶಬ್ದ ಕೇಳುತ್ತಾರೆ, ನೆರೆಮನೆಯವರು ತಿಂದು ಎಂತ ಆಯಿತು ಅಂತ ನನಗೇ ಪಾಠ ಮಾಡುತ್ತಾರೆ. ನನಗೆ ಮೂಗಿನ ತುದಿಯಲ್ಲಿ ಸಿಟ್ಟು ಅಂತ ಬೀದಿಗೆಲ್ಲ ಗೊತ್ತು. ಆದರೆ ಈ ಜನರ ಮುಂದೆ ಸಿಟ್ಟು ಬರುವ ಮೊದಲೇ ಬಾಯಿ ತೆರೆದುಕೊಳ್ಳುತ್ತದೆ, ಆಮೇಲೆ ಮುಚ್ಚುವುದಿಲ್ಲ. ವಾರಕ್ಕೊಮ್ಮೆಯಾದರೂ ಇಂಥದ್ದೊಂದು ನಡೆದೇ ನಡೆಯುತ್ತದೆ. ಮಾತುಕತೆ ಮುಕ್ಕಾಲು ತುಳುವಿನಲ್ಲಿ. ನಿಮಗೆ ಬೇಕಾಗಿ ಕನ್ನಡದಲ್ಲಿ ಹೇಳುತ್ತೇನೆ.

ಸತು

ಕಾರ್ಕಳದ ಕಡೆಯ ಹಿರಿಯರೊಬ್ಬರು ಬಂದರು. ಬಿಳಿ ಪಂಚೆ, ಹೆಗಲ ಮೇಲೆ ಮೈ ಒರೆಸುವ ಬೈರಾಸು. ಉಡುಪಿಗೆ ಮಗಳ ಮನೆಗೆ ಬಂದವರು.

"ಎಂತದೋ ಸುಸ್ತು ಅಮ್ಮ. ನಾಲ್ಕು ಹೆಜ್ಜೆ ನಡೆದರೆ ಕುಳಿತುಕೊಳ್ಳುವ ಅಂತ ಆಗ್ತದೆ. ಡಾಕ್ಟ್ರು ಯಾವುದಾದರೂ ಒಳ್ಳೆಯ ವಿಟಮಿನ್ ತಿನ್ನಿ ಅಂತ ಹೇಳಿದ್ದಾರೆ."

ಒಂದು ಡಬ್ಬಿ ತೆಗೆದು ಮುಂದಿಟ್ಟೆ. "ಇದರಲ್ಲಿ ಎಂತೆಂತ ಉಂಟು?" ಅಂತ ಕೇಳಿದರು. ವಯಸ್ಸಾದವರು, ಇಂಗ್ಲಿಷ್ ಹೆಸರು ಹೇಳಿದರೆ ತಿಳಿಯಲಿಕ್ಕಿಲ್ಲ ಅಂತ ನಾನು ಒಳ್ಳೆಯ ಕನ್ನಡದಲ್ಲೇ ವಿವರಿಸಲಿಕ್ಕೆ ಹೊರಟೆ. ಶಾಲೆಯಲ್ಲಿ ಕಲಿತದ್ದು ಒಮ್ಮೆಯಾದರೂ ಉಪಯೋಗಕ್ಕೆ ಬರಲಿ ಅಂತ ಆಸೆ.

"ಸುಣ್ಣದ ಅಂಶ ಉಂಟು. ಕಬ್ಬಿಣ ಉಂಟು. ತಾಮ್ರ ಉಂಟು."

ಅವರು ಅಂಗಡಿಯ ಬೋರ್ಡನ್ನು ಮತ್ತೊಮ್ಮೆ ಓದಿ ನೋಡಿದರು. "ಇದು ಮೆಡಿಕಲ್ ಅಲ್ವಾ?"

"ಹೌದು. ಮತ್ತೆ ಸತು ಉಂಟು."

"ಸತ್ತು?"

"ಸತ್ತು ಅಲ್ಲ, ಸತು."

"ಅದೇ, ಸತ್ತು."

ಜಿಂಕ್ ಅಂತ ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನನ್ನ ಹಟ ಬಿಡಲಿಲ್ಲ. "ಒತ್ತಕ್ಷರ ಇಲ್ಲ ಅಜ್ಜ. ಸ, ತು," ಅಂತ ಬಿಡಿಸಿ ಹೇಳಿದೆ. ಅವರು ಡಬ್ಬಿಯನ್ನು ಮೆತ್ತಗೆ ನನ್ನ ಕಡೆಗೆ ದೂಡಿದರು.

"ಸುಸ್ತು ಹೋಗಲಿಕ್ಕೆ ಕೊಡಿ ಅಂದರೆ ಸತ್ತು ಹೋಗಲಿಕ್ಕೆ ಕೊಡ್ತೀರಲ್ಲ ಮಾರಾಯ್ರೆ."

ಹೊಟ್ಟೆಯೊಳಗಿನ ಕಬ್ಬಿಣ

ಕಾಪುವಿನ ಹೆಂಗಸೊಬ್ಬರು ರಕ್ತ ಕಡಿಮೆ ಅಂತ ನನ್ನಲ್ಲಿಂದ ಕಬ್ಬಿಣದ ಮಾತ್ರೆ ಕೊಂಡುಹೋಗುತ್ತಿದ್ದರು. ಒಂದು ದಿನ ಬಂದು, "ಇನ್ನು ಕಬ್ಬಿಣ ಇಲ್ಲದ್ದು ಕೊಡಿ ಅಕ್ಕ" ಅಂದರು.

"ಯಾಕೆ? ಹೊಟ್ಟೆಗೆ ಆಗಲಿಲ್ಲವಾ?"

"ಹೊಟ್ಟೆಗೆ ಆಗ್ತದೆ. ಏರ್‌ಪೋರ್ಟಿಗೆ ಆಗುವುದಿಲ್ಲ."

ಮಗಳ ಬಾಣಂತನಕ್ಕೆ ಮಸ್ಕತ್ತಿಗೆ ಹೊರಟಿದ್ದರಂತೆ, ಮೊದಲ ಸಲ ವಿಮಾನ. "ಅಲ್ಲಿ ಒಂದು ಬಾಗಿಲು ಉಂಟಂತೆ. ಮೈಮೇಲೆ ಕಬ್ಬಿಣ ಇದ್ದರೆ ಕುಂಯ್ ಅಂತ ಬೊಬ್ಬೆ ಹಾಕ್ತದಂತೆ. ಬಳೆ, ಸರ ಆದರೆ ತೆಗೆದು ಕೈಚೀಲಕ್ಕೆ ಹಾಕಬಹುದು. ಹೊಟ್ಟೆಯೊಳಗೆ ಇರುವುದನ್ನು ಎಲ್ಲಿ ತೆಗೆದಿಡುವುದು?"

ಮಾತ್ರೆಯ ಕಬ್ಬಿಣ ರಕ್ತದಲ್ಲಿ ಕರಗುತ್ತದೆ, ಬಾಗಿಲಿಗೆ ಗೊತ್ತಾಗುವುದಿಲ್ಲ ಅಂತ ನಾನು ಗಂಟಲು ಒಣಗುವವರೆಗೆ ಹೇಳಿದೆ. ತಲೆ ಆಡಿಸಿದರು, ಮಾತ್ರೆಯನ್ನೂ ತೆಗೆದುಕೊಂಡರು. ಗೆದ್ದೆ ಅಂತ ನನಗೆ ಖುಷಿಯಾಯಿತು.

ಬಾಣಂತನ ಮುಗಿಸಿ ಬಂದವರು ನೇರ ಅಂಗಡಿಗೆ ಬಂದರು. ಕೈಯಲ್ಲಿ ಖರ್ಜೂರದ ಪೊಟ್ಟಣ, ಮುಖದಲ್ಲಿ ಆಕ್ಷೇಪ. "ಕುಂಯ್ ಅಂದಿತಲ್ಲ ಅಕ್ಕ. ಎಲ್ಲರ ಎದುರಿಗೆ ನಿಲ್ಲಿಸಿದರು. ಬನ್ನಂಜೆಯ ಮೆಡಿಕಲ್ ಅಕ್ಕ ತಿನ್ನಲಿಕ್ಕೆ ಹೇಳಿದ್ದು ಅಂತ ನಾನು ಹೇಳಿದೆ. ಆ ಪೊಲೀಸ್ ಹುಡುಗಿ ಕೇಳಲೇ ಇಲ್ಲ."

ನನಗೆ ಆಶ್ಚರ್ಯ. "ಮೈಮೇಲೆ ಬೇರೆ ಎಂತ ಇತ್ತು?"

"ಎಂತದೂ ಇಲ್ಲ. ಮಗುವಿಗೆ ದೃಷ್ಟಿ ಆಗಬಾರದು ಅಂತ ತೊಟ್ಟಿಲ ಕೆಳಗೆ ಇಡಲಿಕ್ಕೆ ಒಂದು ಮೊಳೆ, ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದೆ. ಇಷ್ಟು ಸಣ್ಣ ಮೊಳೆಗೆ ಅಷ್ಟು ದೊಡ್ಡ ಶಬ್ದ ಬರ್ತದಾ? ಅದು ನಿಮ್ಮ ಮಾತ್ರೆಯದ್ದೇ."

ದನದ್ದು ದನಕ್ಕೆ

ಬಜಗೋಳಿಯಿಂದ ಒಬ್ಬರು ಬರುತ್ತಾರೆ, ಹಾಲಿನ ದನ ಸಾಕಿದವರು. ಮಗ ಕಾರ್ಕಳದಲ್ಲಿ ಜಿಮ್ಮಿಗೆ ಹೋಗುತ್ತಾನಂತೆ. ಅವನಿಗೆ ಪ್ರೋಟೀನ್ ಪುಡಿ ಬೇಕು ಅಂತ ಫೋನಿನಲ್ಲಿದ್ದ ಫೋಟೋ ತೋರಿಸಿದರು. ಪಾಯಸದ ಪಾತ್ರೆಯಷ್ಟು ದೊಡ್ಡ ಡಬ್ಬಿ ಕೊಟ್ಟೆ.

"ಎಂತದರಿಂದ ಮಾಡುವುದು ಇದು?"

"ಹಾಲು ಒಡೆದಾಗ ನೀರು ಬಿಡ್ತದಲ್ಲ, ಅದನ್ನು ಒಣಗಿಸಿ ಮಾಡಿದ ಪುಡಿ."

ಅವರು ಡಬ್ಬಿಯನ್ನು ಕೈಯಲ್ಲಿ ತೂಗಿ ನೋಡಿದರು. "ಅದನ್ನು ನಾವು ನಾಯಿಗೆ ಹಾಕುವುದು" ಅಂದರು. ಆದರೂ ಮಗ ಅಲ್ವಾ, ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದರು.

ಕೆಲವು ಸಮಯದ ಮೇಲೆ ಮತ್ತೆ ಬಂದು ಅದೇ ಡಬ್ಬಿ ಕೇಳಿದರು. ಮಗನ ಮೈ ಹೇಗುಂಟು ಅಂತ ವಿಚಾರಿಸಿದೆ.

"ಮಗ ಅರ್ಧ ಡಬ್ಬಿ ತಿಂದ. ಕನ್ನಡಿ ನೋಡಿದ್ದೇ ನೋಡಿದ್ದು, ಒಂದು ಕೊಡ ನೀರು ಎತ್ತಲಿಲ್ಲ. ನನಗೆ ತಲೆ ಕೆಟ್ಟಿತು. ಉಳಿದರ್ಧವನ್ನು ಹಿಂಡಿಯ ಜೊತೆ ಕಲಸಿ ದನಕ್ಕೆ ಹಾಕಿದೆ. ದನದಿಂದ ಬಂದದ್ದು, ದನಕ್ಕೇ ಹೋಗಲಿ ಅಂತ."

"ಮತ್ತೆ?"

ಆಚೆ ಈಚೆ ನೋಡಿ ಸ್ವರ ತಗ್ಗಿಸಿದರು. "ಬೆಳಿಗ್ಗೆ ಹಾಲು ತಂಬಿಗೆ ತುಂಬಿ ಮೇಲೆ ಬರ್ತದೆ ಅಮ್ಮ. ಇನ್ನೊಂದು ಡಬ್ಬಿ ಕೊಡಿ. ಮಗ ಫೋನ್ ಮಾಡಿದರೆ ಸ್ಟಾಕ್ ಇಲ್ಲ ಅಂತ ಹೇಳಿ."

ಭಟ್ರ ಚಪ್ಪಲಿ

ಇನ್ನು ಹೇಳುವುದು ನಮ್ಮ ಬೀದಿಯ ಭಟ್ರ ವಿಷಯ. ಮನೆಮನೆಗೆ ಪೂಜೆಗೆ ಹೋಗುವವರು, ತಮಾಷೆಯ ಮನುಷ್ಯ. ಒಂದು ದಿನ ಅಂಗಡಿಯ ಮೆಟ್ಟಿಲು ಹತ್ತಿದಾಗ ನೋಡುತ್ತೇನೆ, ಒಂದು ಕಾಲಿಗೆ ಚಪ್ಪಲಿ ಉಂಟು, ಇನ್ನೊಂದಕ್ಕೆ ಇಲ್ಲ.

"ಭಟ್ರೆ, ಇನ್ನೊಂದು ಚಪ್ಪಲಿ ಎಲ್ಲಿ?"

ಅವರು ಬಗ್ಗಿ ಕಾಲು ನೋಡಿಕೊಂಡರು. ದಾರಿಯಲ್ಲಿ ಎಲ್ಲೋ ಕಳಚಿ ಬಿದ್ದಿತ್ತು, ಅವರಿಗೆ ಗೊತ್ತೇ ಆಗಿರಲಿಲ್ಲ. "ಎರಡೂ ಉಂಟು ಅಂತಲೇ ನಡೆದುಕೊಂಡು ಬಂದೆ" ಅಂತ ನಕ್ಕರು. ನನಗೆ ನಗು ಬರಲಿಲ್ಲ.

ಆಮೇಲೆ ಮಣಿಪಾಲದ ಡಾಕ್ಟ್ರು ನೋಡಿದರು. ವಿಟಮಿನ್ ಬಿ ಟ್ವೆಲ್ವ್ ತುಂಬಾ ಕಡಿಮೆ, ಅದಕ್ಕೇ ಪಾದ ಮರಗಟ್ಟಿದೆ, ಈಗಲೇ ಶುರು ಮಾಡದಿದ್ದರೆ ನಡೆಯುವುದೇ ಕಷ್ಟ ಆದೀತು ಅಂದರಂತೆ. "ನಡೆಯಲಿಕ್ಕೆ ಆಗದಿದ್ದರೆ ಪೂಜೆ ಹೇಗೆ ಅಮ್ಮ? ಪ್ರದಕ್ಷಿಣೆಯನ್ನು ರಿಕ್ಷಾದಲ್ಲಿ ಬರಲಿಕ್ಕೆ ಆಗ್ತದಾ?" ಅಂತ ಭಟ್ರು ಕೇಳಿದರು. ತಮಾಷೆಗೆ ಹೇಳಿದ್ದೇ, ಆದರೆ ಕೈ ಪಾದವನ್ನು ಉಜ್ಜುತ್ತಾ ಇತ್ತು.

ಇಂಜೆಕ್ಷನ್ ತೆಗೆದುಕೊಳ್ಳಿ ಅಂದರೆ ಸೂಜಿ ಕಂಡೊಡನೆ ಅವರಿಗೆ ಕಣ್ಣು ಕತ್ತಲೆ ಬರುತ್ತದೆ. ಕ್ಯಾಪ್ಸೂಲ್ ಕೊಟ್ಟೆ. "ಈ ಹೊರಗಿನ ಓಡು ಎಂತದ್ದು?" ಅಂತ ಕೇಳಿದರು. ಸುಳ್ಳು ಹೇಳಲಿಕ್ಕೆ ಮನಸ್ಸು ಬರಲಿಲ್ಲ, ಪ್ರಾಣಿಯ ಎಲುಬಿನಿಂದ ಮಾಡುವುದು ಅಂದೆ. ಕೆಂಡ ಮುಟ್ಟಿದವರ ಹಾಗೆ ಕೈ ಹಿಂದಕ್ಕೆ ಎಳೆದುಕೊಂಡರು. ಕೊನೆಗೆ ಮಂಗಳೂರಿನಿಂದ ಹಸಿರು ಚುಕ್ಕೆಯ ಮಾತ್ರೆ ತರಿಸಿದೆ. ಭೂತಕನ್ನಡಿ ಹಿಡಿದು ಆ ಚುಕ್ಕೆಯನ್ನು ಪರೀಕ್ಷೆ ಮಾಡಿದರು. ಕೆಳಗಿನ ಸಣ್ಣ ಅಕ್ಷರ ಎಂತದು ಅಂತ ಕೇಳಿದರು, ಓದಿ ಹೇಳಿದೆ.

"ಇದು ಔಷಧಿ ಅಲ್ಲ. ಆಹಾರ ಪೂರಕ."

"ಔಷಧಿ ಅಲ್ಲವಾ?"

"ಅಲ್ಲ ಅಂತ ಬರೆದಿದ್ದಾರೆ."

"ಆಹಾರ ಅಂತ ಉಂಟಲ್ಲ?"

"ಉಂಟು."

"ಹಾಗಾದರೆ ಸರಿ" ಅಂದರು. ಎಂತ ಸರಿ ಅಂತ ಆಗ ನನಗೆ ಹೊಳೆಯಲಿಲ್ಲ.

ಆ ಹೊತ್ತಿಗೆ ಸರಿಯಾಗಿ ಮೀನಕ್ಕ ಬಂದಳು. ಕಾಪುವಿನಿಂದ ಬಂದು ನಮ್ಮ ಬೀದಿಗಳಲ್ಲಿ ಮೀನು ಮಾರುವವಳು. ಅದು ಮಳೆಗಾಲ, ಬೋಟುಗಳು ಕಡಲಿಗೆ ಇಳಿಯದ ಸಮಯ. ಭಟ್ರು ಮೈ ತಾಗದ ಹಾಗೆ ಅಂಗಡಿಯ ಬೆಂಚಿನ ತುದಿಗೆ ಸರಿದರು. "ಹೆದರಬೇಡಿ ಭಟ್ರೆ, ಬುಟ್ಟಿ ಖಾಲಿ. ವಾಸನೆ ಕೂಡ ಇಲ್ಲ" ಅಂತ ನಕ್ಕಳು. ಆಮೇಲೆ ನನ್ನ ಕಡೆ ತಿರುಗಿ, "ಮೀನಿನ ಎಣ್ಣೆಯ ಮಾತ್ರೆ ಉಂಟಂತಲ್ಲ ಅಕ್ಕ?" ಅಂತ ಕೇಳಿದಳು.

"ಉಂಟು. ಗಂಟುನೋವಿಗಾ?"

"ಗಂಟಿಗೆ ಅಲ್ಲ, ಸಾರಿಗೆ. ಮೀನಿಲ್ಲದೆ ಊಟ ಸೇರುವುದಿಲ್ಲ. ನಾಲ್ಕು ಹಾಕಿ ಕುದಿಸಿದರೆ ವಾಸನೆಯಾದರೂ ಬರ್ತದಾ ಅಂತ. ಯಾವ ಮೀನಿನದ್ದು? ಬಂಗುಡೆಯದ್ದಾ, ಬೂತಾಯಿಯದ್ದಾ?"

ನುಂಗುವುದಾದರೆ ಕೊಡ್ತೇನೆ, ಕುದಿಸುವುದಾದರೆ ಇಲ್ಲ ಅಂದೆ. "ಹೂಂ ಹೂಂ" ಅಂದಳು. ಎರಡು ಡಬ್ಬಿಯನ್ನೂ ಒಂದೇ ನಮೂನೆಯ ಕಂದು ಕವರಿಗೆ ಹಾಕಿ ಕೌಂಟರಿನ ಮೇಲಿಟ್ಟೆ. ಅಷ್ಟರಲ್ಲಿ ಫೋನ್ ಬಂತು. ನಾನು ಆಚೆ ತಿರುಗಿ ಈಚೆ ತಿರುಗುವಾಗ ಇಬ್ಬರೂ ಒಂದೊಂದು ಕವರು ಎತ್ತಿಕೊಂಡು ಹೋಗಿದ್ದರು.

ಬಟ್ಟಲಿನಲ್ಲಿ ಉಳಿದದ್ದು

ಏಕಾದಶಿ ಕಳೆದ ಮಾರನೆಯ ದಿನ ಭಟ್ರು ಬಂದರು. ಕಣ್ಣು ಅಗಲವಾಗಿತ್ತು. ಬೆಂಚಿನಲ್ಲಿ ಕುಳಿತವರು ಮೊದಲು ಕೈಮುಗಿದರು. ನನಗೋ, ಮಾತ್ರೆಯ ಕಪಾಟಿಗೋ, ತಿಳಿಯಲಿಲ್ಲ.

"ಅಮ್ಮ, ಇಷ್ಟು ವರ್ಷ ನೈವೇದ್ಯ ಮಾಡಿದ್ದೇನೆ, ಇಂಥದ್ದು ಕಂಡಿಲ್ಲ."

"ಎಂತ ಆಯಿತು?"

"ದ್ವಾದಶಿ ಪಾರಣೆಗೆ ಶುರು ಮಾಡುವ ಅಂತ ಮಾತ್ರೆ ಹಾಗೇ ಇಟ್ಟಿದ್ದೆ. ಔಷಧಿ ಆಗಿದ್ದರೆ ಸುಮ್ಮನೆ ನುಂಗಬಹುದಿತ್ತು. ಆಹಾರ ಅಂತ ನೀವೇ ಓದಿದಿರಿ. ಆಹಾರ ಆದ ಮೇಲೆ ದೇವರಿಗೆ ಸಮರ್ಪಣೆ ಆಗದೆ ಬಾಯಿಗೆ ಹಾಕಲಿಕ್ಕೆ ಆಗ್ತದಾ? ಇಲ್ಲೇ ಪರೀಕ್ಷೆ ಮಾಡಿದ್ದಲ್ಲ ಅಂತ ಡಬ್ಬಿ ನೋಡದೆ ಬೆಳ್ಳಿ ಬಟ್ಟಲಿಗೆ ಒಂದು ಹಿಡಿ ಸುರಿದೆ. ಬಂಗಾರದ ಬಣ್ಣ, ಎಷ್ಟು ಚಂದ. ತುಳಸಿ ಎಲೆ ಇಟ್ಟು, ಕಣ್ಣು ಮುಚ್ಚಿ ಮಂತ್ರ ಹೇಳಿದೆ. ಕಣ್ಣು ತೆರೆದರೆ ಬಟ್ಟಲಿನಲ್ಲಿ ತುಳಸಿ ಮಾತ್ರ ಉಂಟು." ಮತ್ತೆ ಕೈಮುಗಿದರು. "ಅವನೇ ಸ್ವೀಕಾರ ಮಾಡಿದ್ದಾನೆ ಅಮ್ಮ."

ನನ್ನ ಮೈಯಲ್ಲೂ ಒಮ್ಮೆ ರೋಮ ಎದ್ದದ್ದು ಸುಳ್ಳಲ್ಲ. ಆದರೆ ಬಂಗಾರದ ಬಣ್ಣ ಅಂದರಲ್ಲ. ಬಿ ಟ್ವೆಲ್ವ್ ಮಾತ್ರೆ ಕೆಂಪು.

"ಭಟ್ರೆ, ನಿಮ್ಮ ಮನೆಯಲ್ಲಿ ಬೆಕ್ಕು ಉಂಟಾ?"

"ಉಂಟು. ಅದೂ ಅಲ್ಲೇ ಇತ್ತು. ಮುಖ ಒರೆಸಿಕೊಳ್ತಾ ದೇವರ ಎದುರಿಗೆ ಕುಳಿತಿತ್ತು. ಅದಕ್ಕೂ ಭಕ್ತಿ ಬಂದಿದೆ."

ಹೇಗೆ ಹೇಳುವುದು ಅಂತ ನಾನು ತಡವರಿಸುವಾಗ ಮೀನಕ್ಕ ಬುಟ್ಟಿ ಹೊತ್ತುಕೊಂಡು ಬಾಗಿಲಲ್ಲಿ ನಿಂತಳು. "ಎಂತ ಅಕ್ಕ, ನಿಮ್ಮ ಮೀನಿನ ಮಾತ್ರೆ? ನಾಲ್ಕು ಹಾಕಿ ಕುದಿಸಿದೆ. ಸಾರು ಕೆಂಪಾಯಿತು, ವಾಸನೆ ಇಲ್ಲ. ಬೆಕ್ಕು ಕೂಡ ಮೂಸಲಿಲ್ಲ."

ಭಟ್ರು ಅವಳನ್ನು ನೋಡಿದರು, ನನ್ನನ್ನು ನೋಡಿದರು. ಕೈಚೀಲದಿಂದ ತಮ್ಮ ಡಬ್ಬಿ ತೆಗೆದು ಭೂತಕನ್ನಡಿ ಹಿಡಿದರು. ಅದರ ಮೇಲೆ ಒಂದು ಮೀನು ಬಾಲ ಎತ್ತಿಕೊಂಡು ಹಾರುತ್ತಿತ್ತು.

"ನಾನು ತುಳಸಿ ಇಟ್ಟದ್ದು ಇದಕ್ಕಾ?"

"ಹೌದು ಭಟ್ರೆ. ಕವರು ಅದಲುಬದಲಾಗಿದೆ. ನೀವು ಒಂದಾದರೂ ನುಂಗಿದಿರಾ?"

"ಇಲ್ಲ. ಸಿಕ್ಕಿದರೆ ಅಲ್ವಾ ನುಂಗುವುದು?"

ಅವರು ಕಣ್ಣು ಮುಚ್ಚಿದರು. ಇನ್ನು ಈ ಮನುಷ್ಯ ಜನ್ಮದಲ್ಲಿ ಮಾತ್ರೆ ಮುಟ್ಟುವುದಿಲ್ಲ, ಅವರ ಕಾಲು ಹೋಯಿತು ಅಂತಲೇ ಲೆಕ್ಕ ಹಾಕಿದೆ. ಮೀನಕ್ಕ ಕೂಡ ವಿಷಯ ತಿಳಿದು ಬಾಯಿಗೆ ಕೈ ಇಟ್ಟುಕೊಂಡು ನಿಂತುಬಿಟ್ಟಳು.

ಭಟ್ರ ಹೊಟ್ಟೆ ಮೊದಲು ಅಲುಗಾಡಿತು. ಆಮೇಲೆ ಹೆಗಲು. ಅಳುತ್ತಿದ್ದಾರೆ ಅಂತ ನಾನು ಹೆದರಿದೆ. ನಗುತ್ತಿದ್ದರು.

"ಅವನ ಮೊದಲನೆಯ ಅವತಾರವೇ ಮತ್ಸ್ಯ. ಮೀನಿಗೆ ಮೀನೆಣ್ಣೆ ಕೊಟ್ಟರೆ ಅವನು ತಿನ್ನುತ್ತಾನಾ? ಅದಕ್ಕೇ ಬೆಕ್ಕನ್ನು ಕಳಿಸಿ ಬಟ್ಟಲು ಖಾಲಿ ಮಾಡಿಸಿದ್ದಾನೆ. ನನ್ನನ್ನೂ ಉಳಿಸಿದ, ತಾನೂ ಉಳಿದ." ಕಣ್ಣೊರೆಸಿಕೊಂಡು ಕೈಚಾಚಿದರು. "ನನ್ನದು ಕೊಡಿ ಅಮ್ಮ. ಈ ಸಲ ಔಷಧಿ ಅಂತ ಬರೆದದ್ದು ಕೊಡಿ, ಯಾರಿಗೂ ತೋರಿಸದೆ ನುಂಗುತ್ತೇನೆ."

ಅದನ್ನೇ ಹುಡುಕಿಸಿ ಕೊಟ್ಟೆ. ಒಂದು ದಿನವೂ ತಪ್ಪಿಸದೆ ತಿಂದರು ಅಂತ ಅವರ ಹೆಂಡತಿ ಹೇಳುತ್ತಿದ್ದರು. ಮಳೆಗಾಲ ಮುಗಿಯಿತು, ಬೋಟುಗಳು ಕಡಲಿಗೆ ಇಳಿದವು, ಮೀನಕ್ಕನ ಬುಟ್ಟಿ ತುಂಬಿತು. ಭಟ್ರು ಬೆಂಚಿಗೆ ಬಂದಾಗಲೆಲ್ಲ ನಾನು ಮೊದಲು ಅವರ ಕಾಲು ನೋಡುತ್ತಿದ್ದೆ. ಎರಡು ಚಪ್ಪಲಿ ಉಂಟಾ ಅಂತ.

ಮೊನ್ನೆ ಬಂದವರು ಕುಂಟುತ್ತಿದ್ದರು. ನನ್ನ ಜೀವ ಬಾಯಿಗೆ ಬಂತು. "ಎಂತ ಆಯಿತು ಭಟ್ರೆ?"

"ಹೊಸ ಚಪ್ಪಲಿ ಅಮ್ಮ. ಕಚ್ತಾ ಉಂಟು."

"ಕಚ್ಚುವುದು ಗೊತ್ತಾಗ್ತದಾ?"

"ಗೊತ್ತಾಗ್ತದಾ? ಉರೀತಾ ಉಂಟು." ಮಗುವಿಗೆ ಹಲ್ಲು ಬಂದ ಸುದ್ದಿ ಹೇಳುವವರ ಹಾಗೆ ಮುಖ ಅರಳಿತ್ತು. ನನಗೆ ಕಣ್ಣು ತುಂಬಿ ಬಂತು. ಹೆಬ್ಬೆರಳಿನ ಬುಡ ಕೆಂಪಾಗಿ ಸುಲಿದುಹೋಗಿತ್ತು. ಪಟ್ಟಿ ಹಚ್ಚಲಿಕ್ಕೆ ತೆಗೆದೆ. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು.

"ಈಗಲೇ ಬೇಡ ಅಮ್ಮ. ಮನೆಯವರೆಗೆ ಕಚ್ಚಲಿ."