ಗಂಜಿ ಹಚ್ಚಿದ ಕೊಲೆ

ಇನ್ನು ಮುಂದೆ ಈ ಮನೆಯಲ್ಲಿ ಒಂದೇ ಒಂದು ಕೊಲೆಯೂ ಆಗಕೂಡದೆಂದು ಶಂಕ್ರಪ್ಪ ರವಿವಾರ ಬೆಳಿಗ್ಗೆ ಬಿಸಿ ರೊಟ್ಟಿಯ ಮೇಲೆ ಕೈಯಿಟ್ಟು ಪ್ರತಿಜ್ಞೆ ಮಾಡಿದ. ಕೈ ಸುಟ್ಟಿತು, ಆದರೂ ತೆಗೆಯಲಿಲ್ಲ. ಅಂಥ ಪ್ರತಿಜ್ಞೆ!

ಕೊಲೆಗಳೆಲ್ಲ ಆಗುತ್ತಿದ್ದದ್ದು ಅವನ ಹೆಂಡತಿ ಗುರುಲಿಂಗವ್ವನ ಬಾಯಲ್ಲಿ. ಇಳಕಲ್ಲಿನ ನೇಕಾರರ ಓಣಿಯ ಆ ಮನೆಯ ಪಡಸಾಲೆಗೆ ದಿನಾ ಮಧ್ಯಾಹ್ನ ಎರಡಕ್ಕೆ ಓಣಿಯ ಹೆಂಗಸರು ರಾಟಿ ತಂದು ಕೂತು ಮಗ್ಗಕ್ಕೆ ಬೇಕಾದ ನೂಲಿನ ಕಂಡಿಕೆ ಸುತ್ತುತ್ತಿದ್ದರು. ನಡುವೆ ಕೂತ ಗುರುಲಿಂಗವ್ವ ಹಳೇ ಪುಸ್ತಕದ ಗಾಡಿಯಿಂದ ಕೊಂಡು ತಂದ ಕಾದಂಬರಿಯನ್ನು ಗಟ್ಟಿಯಾಗಿ ಓದುತ್ತಿದ್ದಳು. ಎಂಥ ಕಾದಂಬರಿ ಅಂತೀರಿ? ಮೊದಲ ಪುಟದಲ್ಲಿ ವಿಷ, ಹತ್ತನೆಯದರಲ್ಲಿ ಚೂರಿ, ಇಪ್ಪತ್ತನೆಯದರಲ್ಲಿ ಹಾಳುಬಾವಿ!

"ಅಲ್ಲಬೇ, ಮೂರು ಹೊತ್ತೂ ಹೆಣಾ ಓದಿದ್ರ ಮನಸ್ಸು ಕೆಡಂಗಿಲ್ಲೇನು? ಏನ್ ಸುಖ ಐತಿ ಅದರಾಗ?" ಎಂದ ಶಂಕ್ರಪ್ಪ.

"ಅಂಜಿಕಿ ಪುಸ್ತಕದಾಗಿಂದು, ಚಾ ನಮ್ಮ ಕೈಯಾಗಿಂದು. ಪುಸ್ತಕ ಮುಚ್ಚಿದ ಮ್ಯಾಲೆ ನಿಮ್ಮ ಗೊರಕಿ ಸೈತ ಚಲೋ ಅನಸ್ತೈತಿ, ಅದಽ ಸುಖ," ಎಂದಳು ಗುರುಲಿಂಗವ್ವ. "ಮತ್ತ ನಮಗೂ ರೀತಿ ರಿವಾಜು ಅದಾವ್ರಿ. ಹಾಡಹಗಲ ಓದಬೇಕು, ನಾಕು ಮಂದಿ ಜತಿಗೆ ಓದಬೇಕು. ಕಥಿಯಾಗ ಬಾಗಲಾ ಬಡದ ಸಪ್ಪಳ ಬಂದಲ್ಲಿ ಬಿಟ್ಟು ಏಳಬಾರ್ದು, ತಗದು ನೋಡೇ ಏಳಬೇಕು. ಲಗಮವ್ವನ ಗಂಡ ತೀರಿ ಎರಡು ವರ್ಷ ಆತು. ಮಸಣದ ಮಾತು ಬಂದ್ರ ಆಕಿ ಕೈ ಎತ್ತತಾಳ, ನಾ ಅಷ್ಟು ಬಿಟ್ಟು ಓದತೇನಿ. ಬ್ಯಾಡ ಅನ್ನೂದು ಕೇಳಾವ್ರ ಹಕ್ಕು. ನಡುವ ನೀವ್ಯಾರು?"

ನಾನ್ಯಾರು! ಹುನಗುಂದದ ಕಚೇರಿಯೊಂದರಲ್ಲಿ ಇಪ್ಪತ್ತು ವರ್ಷ ಹಳೇ ಕಡತಗಳನ್ನು ಇಲಿಗಳಿಂದ ಕಾಪಾಡಿದ ಧೀರ ಶಂಕ್ರಪ್ಪನಿಗೆ ಈ ಪ್ರಶ್ನೆಯೇ! ಹೆಂಡತಿ ಸಂತೆಗೆ ಹೋದದ್ದೇ ತಡ, ಅವನು ಹೊಸ ಕಾದಂಬರಿಯನ್ನು ಕಪಾಟಿನಿಂದ ಇಳಿಸಿದ. ಸುಡುವ ಹಾಗಿಲ್ಲ, ಹರಿಯುವ ಹಾಗಿಲ್ಲ. ಎರಡಕ್ಕೂ ಗುರುಲಿಂಗವ್ವನ ಹತ್ತಿರ ಶಿಕ್ಷೆ ಒಂದೇ. ಆಗ ಕಣ್ಣಿಗೆ ಬಿದ್ದದ್ದು ಮಗ್ಗದ ನೂಲಿಗೆ ಹಚ್ಚಲು ಕಾಸಿಟ್ಟ ಗಂಜಿ! ಬೆರಳಾಡಿಸುತ್ತ ಹೋದ. ಎಲ್ಲೆಲ್ಲಿ 'ರಕ್ತ' ಅಂತಿದೆಯೋ, ಎಲ್ಲೆಲ್ಲಿ 'ಹೆಣ' ಅಂತಿದೆಯೋ, ಆ ಹಾಳೆಗಳನ್ನು ಒಂದಕ್ಕೊಂದು ಅಂಟಿಸಿ ಮೇಲೆ ಒನಕೆ ಹೇರಿದ. ಒಂದು ಸಾಲೂ ಓದಲಿಲ್ಲ. ಓದಿದರೆ ತಾನೂ ಕೆಟ್ಟುಹೋದರೆ? ಹೀಗೆ ಇಳಕಲ್ಲಿನ ಮಹಿಳಾ ಸಮಾಜವನ್ನು ಅರ್ಧ ಬಟ್ಟಲು ಗಂಜಿಯಲ್ಲಿ ಉದ್ಧಾರ ಮಾಡಿ ಅವನು ಮೀಸೆ ತಿರುವಿದ.

ಸೋಮವಾರ ಮಧ್ಯಾಹ್ನ ಅವನು ಕಚೇರಿಯಲ್ಲಿರುವಾಗ ಓದು ಶುರುವಾಯಿತು. ಕಥೆಯಲ್ಲಿ ಒಬ್ಬ ನೇಕಾರ ಕಾಣೆಯಾಗಿದ್ದ. ಅವನ ಮಗ್ಗದ ಕುಣಿಯ ಮೇಲೆ, ಅಂದರೆ ನೇಯುವವರು ಕಾಲು ಇಳಿಬಿಟ್ಟು ಕೂರುವ ಆ ಗುಂಡಿಯ ಮೇಲೆ, ಯಾರೋ ಹಲಗೆ ಮುಚ್ಚಿದ್ದರು. ಹಲಗೆಯ ಸಂದಿನಲ್ಲಿ ಕೆಂಪಗೆ ಏನೋ ಕಂಡಿತು. ನೇಕಾರನ ತಮ್ಮ ಹಲಗೆ ಎತ್ತಿದ. ಒಳಗೆ...

ಒಳಗೆ ಗಂಜಿ! ಹಾಳೆ ಬಿಡಲೊಲ್ಲದು. ಗುರುಲಿಂಗವ್ವ ಉಗುರು ಹಾಕಿದಳು, ಸೂಜಿ ಹಾಕಿದಳು. ಊಹೂಂ.

"ಒಳಗ ಕೈ ಇರಬೇಕ್ರಿ, ಬರೇ ಕೈ," ಎಂದಳು ಲಗಮವ್ವ ಮೆಲ್ಲಗೆ.

"ಕೈ ಅಷ್ಟಽ ಯಾಕ ಇರ್ತೈತಿ? ತಲಿನೂ ಇರ್ತೈತಿ. ಕಣ್ಣು ತಕ್ಕೊಂಡಽ ಇರ್ತಾವ," ಎಂದಳು ಶಮಶಾದಬಿ ಇನ್ನೂ ಮೆಲ್ಲಗೆ.

ಅಷ್ಟು ಸಾಕಾಯಿತು. ಬರೆದವನು ಒಂದು ಹೆಣ ಇಟ್ಟಿದ್ದನೋ ಇಲ್ಲವೋ, ಸಂಜೆಯೊಳಗೆ ಓಣಿಯ ಹನ್ನೊಂದು ಮಗ್ಗಗಳ ಕೆಳಗೆ ಇಪ್ಪತ್ತಮೂರು ಹೆಣ ಬಿದ್ದವು. ಓದಿ ಮುಗಿಸಿದ್ದರೆ ನಕ್ಕು ಚಹಾ ಕುಡಿದು ಏಳುತ್ತಿದ್ದ ಹೆಂಗಸರು ಅಂದು ಕಾಲು ಮಡಚಿಕೊಂಡೇ ಮನೆಗೆ ಹೋದರು ಅನ್ನಿ.

ಮಂಗಳವಾರ ಸಂಜೆ ಬಸ್ಸಿಳಿದು ಓಣಿಗೆ ಬಂದ ಶಂಕ್ರಪ್ಪನಿಗೆ ಏನೋ ಬಿಕೋ ಅನಿಸಿತು. ಮಗ್ಗದ ಸದ್ದೇ ಇಲ್ಲ! ಅವನು ನೆಟ್ಟಗೆ ಲಗಮವ್ವನ ಮನೆಗೆ ಓಡಿದ. ಯಾಕೆಂದರೆ ಆಕೆಯ ಮಗ್ಗದ ಮೇಲಿದ್ದದ್ದು ಅವನ ಅಕ್ಕನ ಮಗಳು ಬಸವೇಶ್ವರಿಯ ಮದುವೆ ಸೀರೆ. ಶುಕ್ರವಾರ ಬಾದಾಮಿಯಲ್ಲಿ ಮದುವೆ. ಸೋದರಮಾವನ ಸೀರೆ ಉಟ್ಟೇ ಹುಡುಗಿ ಅಕ್ಕಿಕಾಳಿಗೆ, ಅಂದರೆ ಅಕ್ಷತೆಗೆ, ನಿಲ್ಲಬೇಕು. ಇನ್ನೂ ಸೆರಗು ಬಾಕಿ! ಸೀರೆ ತಪ್ಪಿದರೆ ಅಕ್ಕ ಸಾಯುವತನಕ ಆಡಿ ತೋರಿಸುತ್ತಾಳೆ, ಸತ್ತ ಮೇಲೂ ಬಿಡುವ ಪೈಕಿ ಅಲ್ಲ.

"ಲಗಮವ್ವಾ, ಸೆರಗು?"

"ಕುಣಿಯಾಗ ಕಾಲು ಇಳಿಬಿಡಾಕ ಆಗವಲ್ದು ನೋಡಣ್ಣಾ. ತಣ್ಣಗ ಯಾರೋ ಹಿಡದಂಗ ಆಕ್ಕೈತಿ."

"ಅಯ್ಯ, ಅದು ಬರೇ ಕಥಿ ಐತಿ!"

"ಕಥಿ ಅನ್ನೂದು ಗೊತ್ತೈತಿ. ಕುಣಿಯಾಗ ಏನಿತ್ತು ಅದನ್ನ ಹೇಳು, ಈಗಿಂದೀಗ ಕುಂಡ್ರತೇನಿ."

ಏನು ಹೇಳುವುದು? ಇಡೀ ಇಳಕಲ್ಲಿನಲ್ಲಿ ಆ ಹಾಳೆಗಳನ್ನು ಮುಟ್ಟಿದವನು ಅವನೊಬ್ಬನೇ, ಅವನೂ ಓದಿರಲಿಲ್ಲ! ಧೈರ್ಯ ತೋರಿಸಲು ತಾನೇ ಕುಣಿಯಲ್ಲಿ ಕಾಲಿಟ್ಟ. ಅಷ್ಟರಲ್ಲಿ ಕೆಳಗಿದ್ದ ನೂಲಿನ ಉಂಡೆ ಪಾದಕ್ಕೆ ಸೋಕಿತು. "ಯಪ್ಪೋ!" ಎಂದು ಅವನು ಹಾರಿದ ರಭಸಕ್ಕೆ ಮನೆಯೊಳಗಿನ ಬೆಕ್ಕು ಬೀದಿಗೆ ಓಡಿತು. ಅಲ್ಲಿಯವರೆಗೆ ಸ್ವಲ್ಪ ಧೈರ್ಯ ಉಳಿಸಿಕೊಂಡಿದ್ದ ಹೆಂಗಸರೂ ಆಗ ಅದನ್ನೂ ಕೈಬಿಟ್ಟರು.

ಮನೆಗೆ ಬಂದು ಹೆಂಡತಿಯ ಮುಂದೆ ನಿಂತ. "ಒಂದು ಮಾತು ಹೇಳ್ತೇನಿ, ಸಿಟ್ಟಾಗಬಾರ್ದು."

"ಗಂಜಿ ನೀವಽ ಹಚ್ಚೀರಿ," ಎಂದಳು ಗುರುಲಿಂಗವ್ವ.

"ನಿನಗ ಹೆಂಗ ಗೊತ್ತಾತು?"

"ಇಷ್ಟು ಕೊಲಿ ಓದೇನಿ, ಇದನ್ನ ಪತ್ತೆ ಹಚ್ಚಾಕ ಆಗಂಗಿಲ್ಲೇನ್ರಿ? ನಿಮ್ಮ ಮೀಸಿಗೆ ಇನ್ನೂ ಅಂಟೈತಿ! ಅದು ಹೋಗ್ಲಿ, ನೀವು ಹಚ್ಚೀರಿ, ನೀವಽ ಬಿಡಸ್ರಿ."

ಬುಧವಾರ ಕಚೇರಿಗೆ ರಜೆ. ಕುದಿಯುವ ಪಾತೇಲಿಯ ಮೇಲೆ ಪುಸ್ತಕ ಹಿಡಿದು, ನೆಗಡಿಯಾದವರಿಗೆ ಕೊಡುವ ಹಾಗೆ ಶಂಕ್ರಪ್ಪ ಅದಕ್ಕೆ ಹಬೆ ಕೊಟ್ಟ. ಪುಸ್ತಕಕ್ಕಿಂತ ಹೆಚ್ಚು ಅವನೇ ಬೆವತ. ಮಧ್ಯಾಹ್ನ ಎರಡಕ್ಕೆ ಒದ್ದೆ ಹಾಳೆಗಳು ಒಂದೊಂದಾಗಿ ಬಿಟ್ಟುಕೊಂಡವು. ಪಡಸಾಲೆ ಕಿಕ್ಕಿರಿದಿತ್ತು, ಕಿಟಕಿಯಲ್ಲೂ ತಲೆಗಳು. ಓದುವ ಶಿಕ್ಷೆ ಅವನಿಗೇ ಬಿತ್ತು.

ಗಂಟಲು ಸರಿಮಾಡಿಕೊಂಡು ಓದಿದ: "ನೇಕಾರನ ತಮ್ಮ ಹಲಗೆ ಎತ್ತಿದ. ಒಳಗೆ ಬಗ್ಗಿ ನೋಡಿದ. ಬೆರಳು ಅದ್ದಿ ಮೂಸಿ ನೋಡಿದ. ಅದು ರಕ್ತವಲ್ಲ. ಸೆರಗಿನ ನೂಲಿಗೆ ಹಾಕುವ ಕೆಂಪು ಬಣ್ಣ. ಕುಣಿ ಖಾಲಿಯಾಗಿತ್ತು."

ಕಿಟಕಿಯ ತಲೆಗಳು ಇನ್ನಷ್ಟು ಒಳಗೆ ಬಂದವು.

"ಖಾಲಿ?" ಎಂದಳು ಶಮಶಾದಬಿ. "ಎರಡು ದಿನದಿಂದ ನಾ ಒಳಗಿಟ್ಟ ತಲಿ ಎಲ್ಲಿ ಹೋತು?"

ನಗು ಎದ್ದಿತು ನೋಡಿ! ಹಂಚು ಹಾರಿಹೋಗುವಂಥ ನಗು! ಲಗಮವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅಣ್ಣಾ, ಅಂಜಿಕಿನೆಲ್ಲಾ ನಮಗ ಬಿಟ್ಟು, ಸಮಾಧಾನಕ್ಕಽ ಅಂಟು ಹಚ್ಚಿದ್ದೆಲ್ಲೋ ಮಾರಾಯಾ!"

ಶಂಕ್ರಪ್ಪನಿಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ನಾಚಿಕೆಯಲ್ಲಿ ತಲೆ ತಗ್ಗಿಸಿದವನಿಗೆ ಆಚೆ ಮನೆಯಿಂದ ಸದ್ದು ಕೇಳಿತು. ಲಗಮವ್ವ ಎದ್ದುಹೋಗಿ ಕುಣಿಯಲ್ಲಿ ಕಾಲಿಳಿಸಿದ್ದಳು. ಹಿಂದೆಯೇ ಇನ್ನೊಂದು ಮಗ್ಗ, ಮತ್ತೊಂದು. ಕತ್ತಲಾಗುವುದರೊಳಗೆ ಹನ್ನೊಂದೂ ಮಗ್ಗಗಳು ಒಂದೇ ಉಸಿರಿನಲ್ಲಿ ಲಟಪಟ ಹೊಡೆಯುತ್ತಿದ್ದವು. ಆ ಸದ್ದಿಗೆ ಅವನ ಕಣ್ಣು ತುಂಬಿ ಬಂತು. ಗುರುವಾರ ಸೀರೆ ಮಗ್ಗದಿಂದ ಇಳಿಯಿತು. ಶುಕ್ರವಾರ ಬಾದಾಮಿಯಲ್ಲಿ ಬಸವೇಶ್ವರಿ ಅದನ್ನುಟ್ಟು ನಿಂತಾಗ ಅಕ್ಕ ನಾಲ್ಕು ಮಂದಿಯ ಎದುರು, "ನನ್ನ ತಮ್ಮ ಮಾತಿಗೆ ತಪ್ಪಾಂವಲ್ಲ," ಎಂದಳು. ಗುರುಲಿಂಗವ್ವ ಕೆಮ್ಮಿದಳು, ಅಷ್ಟೇ. ಆ ಉಪಕಾರವನ್ನು ಶಂಕ್ರಪ್ಪ ಈ ಜನ್ಮದಲ್ಲಿ ಮರೆಯುವಂತಿಲ್ಲ.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಮದುವೆಯ ಗದ್ದಲದಲ್ಲಿ ಓದು ಅರ್ಧಕ್ಕೇ ನಿಂತು, ನೇಕಾರ ಏನಾದ ಎಂಬ ಹುಳ ಶಂಕ್ರಪ್ಪನ ತಲೆ ಹೊಕ್ಕಿತ್ತಲ್ಲ! ಸೋಮವಾರ ಅವನು ಪುಸ್ತಕವನ್ನು ಬುತ್ತಿಯ ಚೀಲದಲ್ಲಿ ಅಡಗಿಸಿಕೊಂಡು ಬಸ್ಸಿನಲ್ಲಿ ಒಬ್ಬನೇ ಓದಿದ. ಪತ್ತೇದಾರ ಒಂದು ಸರ್ಕಾರಿ ಕಚೇರಿಯ ಹಳೇ ಕಡತದ ಕೋಣೆಗೆ ಹೋಗಿ, ಮೂಲೆಯ ಕಬ್ಬಿಣದ ಕಪಾಟಿಗೆ ಕೀಲಿ ಹಾಕಿ ತಿರುವಿದ. ಸರಿಯಾಗಿ ಆಗಲೇ ಕಂಡಕ್ಟರ್, "ಹುನಗುಂದ ಇಳೀರಿ!" ಎಂದ.

ಹನ್ನೊಂದಕ್ಕೆ ವಕೀಲ ಧರ್ಮರಾಜರು ಬಂದರು. "ಶಂಕ್ರಪ್ಪನವರ, ಇಪ್ಪತ್ತು ವರ್ಷದ ಹಿಂದಿನ ಒಂದು ಫೈಲ್ ಬೇಕಾಗಿತ್ತು."

ಫೈಲು ಇದ್ದದ್ದು ಮೂಲೆಯ ಕಬ್ಬಿಣದ ಕಪಾಟಿನಲ್ಲಿ! ಕೀಲಿಯನ್ನು ಮೇಜಿನ ಮೇಲೇ ಬಿಟ್ಟು ಬುತ್ತಿಯ ಚೀಲ ಎತ್ತಿಕೊಂಡ. ಹೊರಗೆ ಬಂದು ಮನೆಗೆ ಫೋನ್ ಹಚ್ಚಿದ. "ಏನಬೇ, ಪುಸ್ತಕದಾಗ ಒಂದು ಕಪಾಟು ಬಂದೈತಿ... ಮುಂದ ಒಬ್ಬನಽ ಓದಾಕ ಧೈರ್ಯ ಸಾಲವಲ್ದು."

ಆ ಕಡೆಯಿಂದ ಗುರುಲಿಂಗವ್ವ ಹೇಳಿದಳು: "ತಡೀರಿ, ಎಲ್ಲಾರ್ನೂ ಕರೀತೇನಿ. ಫೋನ್ ಸ್ಪೀಕರಿಗೆ ಹಾಕತೇನಿ. ನೀವು ಓದ್ರಿ, ನಾವು ಇಲ್ಲೇ ಅದೀವಿ."

ಕಚೇರಿಯ ಕಟ್ಟೆಯ ಮೇಲೆ ಕೂತು ಶಂಕ್ರಪ್ಪ ಓದತೊಡಗಿದ. ಧರ್ಮರಾಜರು ಪಕ್ಕದಲ್ಲೇ ನಿಂತು ಕೇಳಿದರು, ಆಮೇಲೆ ಕೂತರು, ಆಮೇಲೆ ಕೋಟು ತೆಗೆದಿಟ್ಟರು. ಫೋನಿನಿಂದ ಹೆಂಗಸರ ಕಿಸಕಿಸ ಕೇಳಿ ಅವರಿಗೂ ನಗು.

"ಏನ್ರಿ ಶಂಕ್ರಪ್ಪನವರ, ಇಂಥಾ ಭಯಾನಕ ಕಥಿ ಹೆಣ್ಮಕ್ಕಳ ಜತಿಗೆ ಕುಂತು ಓದತೀರಲ್ಲ, ಅಂಜಿಕಿ ಬರಂಗಿಲ್ಲೇನು?"

"ಬರ್ತೈತ್ರಿ ವಕೀಲರ," ಎಂದ ಶಂಕ್ರಪ್ಪ, "ಅದಕ್ಕಽ ಹೆಣ್ಮಕ್ಕಳ ಜತಿಗೆ ಓದತೇನ್ರಿ."