ಮೊಮ್ಮಗನಿಗೆ ಬೊಂತೆ ಹೊಲಿದದ್ದು

ಸಂಜೀವಿನಿ ತರಲು ಹೋಗಿ ಬೆಟ್ಟವನ್ನೇ ಹೊತ್ತು ತಂದ ಆಂಜನೇಯಸ್ವಾಮಿಗೆ ಮೊದಲ ನಮಸ್ಕಾರ. ಅವನ ಕೃಪೆಯೋ ಏನೋ, ನಮ್ಮ ಮುಳಬಾಗಿಲಿನ ಬೀದಿಯಲ್ಲೂ ಒಂದು ಮಾಡಲು ಹೋದರೆ ಇನ್ನೊಂದಾಗುವುದು ವಾಡಿಕೆ.

ಎಪ್ಪತ್ತರ ದಶಕದ ಕೊನೆಯ ಮಾತು. ಸೋಮವಾರ ನನ್ನ ಮೊದಲ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವುದಿತ್ತು. ಎಳೆಮಗುವಿಗೆ ಹೊಸ ಬಟ್ಟೆ ಚುಚ್ಚುತ್ತದೆಂದು ನಮ್ಮ ಕಡೆ ಹಳೆಯ ಸೀರೆ, ಪಂಚೆಗಳನ್ನು ಪದರ ಪದರವಾಗಿ ಜೋಡಿಸಿ, ಬೊಂತೆ ಹೊಲಿದು ತೊಟ್ಟಿಲಿಗೆ ಹಾಸುತ್ತೇವೆ. ಹೊಲಿಯುವುದು ಹೆಣ್ಣಿನ ಕಡೆಯವರ ಕೆಲಸ, ತಪ್ಪು ಹುಡುಕುವುದು ಗಂಡಿನ ಕಡೆಯವರ ಕೆಲಸ. ಶ್ರೀನಿವಾಸಪುರದ ನಮ್ಮ ಬೀಗಿತ್ತಿ ಮದುವೆಯಲ್ಲಿ ಒಬ್ಬಟ್ಟಿನ ಅಂಚು ದಪ್ಪ ಎಂದವರು. ಅವರ ಮುಂದೆ ಮಗಳು ತಲೆತಗ್ಗಿಸುವಂತಾಗಬಾರದು, ಅಷ್ಟೇ ನನ್ನ ಪ್ರಾರ್ಥನೆ. ಕೈಯಲ್ಲಿದ್ದದ್ದು ಶನಿವಾರ, ಭಾನುವಾರ.

ಶನಿವಾರದ ದರ್ಶನ

ಬೊಂತೆಯ ಮೇಲ್ಪದರಕ್ಕೆ ಯಜಮಾನರ ಹಳೆಯ ಪಂಚೆಯನ್ನೇ ತೆಗೆದುಕೊಂಡೆ. ಬಚ್ಚಲ ಹಂಡೆಯಲ್ಲಿ ನೀರು ಕಾಯಿಸಿ, ಉಪ್ಪು ಹಾಕಿ, ಅಂಗಡಿಯಿಂದ ತಂದ ಕೆಂಪು ಬಣ್ಣದ ಪುಡಿ ಕಲಸಿ, ರಾಮ ರಾಮ ಎನ್ನುತ್ತಾ ಅದ್ದಿದೆ. ಬಣ್ಣ ಚೆನ್ನಾಗಿ ಹಿಡಿಯಿತು. ಒಣಹಾಕಲು ಹಿತ್ತಲಿಗೆ ಹೋದೆ.

ಅರ್ಧ ದಿನದ ಆಫೀಸು ಮುಗಿಸಿ ಬಂದ ಯಜಮಾನರು, ಪ್ರತಿ ಶನಿವಾರದಂತೆ ಆಂಜನೇಯನ ಗುಡಿಗೆ ಹೋಗುವ ಮುಂಚೆ ಸ್ನಾನ ಮಾಡೋಣವೆಂದು ನೇರ ಬಚ್ಚಲಿಗೆ ನುಗ್ಗಿದರು. ಹೊಗೆ ಹಿಡಿದ ಕತ್ತಲು ಬಚ್ಚಲು. ಬಿಸಿನೀರು ಸಿದ್ಧವಾಗಿದೆಯೆಂದು, ಪಾಪ, ನನ್ನನ್ನು ಮನಸ್ಸಿನಲ್ಲೇ ಹೊಗಳಿಕೊಂಡು ಸುರಿದುಕೊಂಡರಂತೆ. ಹೊರಗೆ ಬಂದು ಬೆಳಕಿನಲ್ಲಿ ಕೈ ನೋಡಿಕೊಂಡು, "ಲೇ! ನೀರಿಗೆ ಏನು ಹಾಕಿದೀಯೇ?" ಎಂದು ಕೂಗಿದರು. ನಖಶಿಖಾಂತ ಸಿಂಧೂರ ಬಳಿದಂತಿದ್ದರು.

ಕೂಗು ಕೇಳಿ ಪಕ್ಕದ ಮನೆಯ ಅಜ್ಜಿ ಗೋಡೆಯಾಚೆಯಿಂದ ಇಣುಕಿದರು. "ಅಯ್ಯೋ ದೇವುಡಾ!" ಎಂದು ಕೈ ಮುಗಿದು, ಆಮೇಲೆ ಗುರುತು ಹಿಡಿದು ಹೇಳಿದರು: "ನೀನು ಗುಡಿಗೆ ಯಾಕಪ್ಪಾ ಹೋಗ್ತೀಯ? ಇಲ್ಲೇ ನಿಂತ್ಕೋ, ನಾವೇ ಪ್ರದಕ್ಷಿಣೆ ಹಾಕ್ತೀವಿ."

ಬೊಂತೆ ಎದ್ದು ನಿಂತದ್ದು

ಭಾನುವಾರ ಹಜಾರದಲ್ಲಿ ಪದರಗಳನ್ನು ಹರಡಿಕೊಂಡು ನಾನು, ಅದೇ ಅಜ್ಜಿ, ಎದುರುಮನೆ ಮೇಷ್ಟ್ರ ಹೆಂಡತಿ ಸುತ್ತ ಕೂತೆವು. ಅಂಚಿನಿಂದ ಶುರುಮಾಡಿ ನಡುವಿಗೆ ಹೊಲಿಯುತ್ತಾ ಬರಬೇಕು. ಅಜ್ಜಿಯದೇ ದರ್ಬಾರು.

"ಏನೇ ಇದು, ಗೋಣಿಚೀಲ ಹೊಲಿಯೋ ಹಂಗೆ? ಮಗು ಕಾಲ್ಬೆರಳು ಸಿಕ್ಕೊಳ್ಳುತ್ತೆ ಕಣೇ. ಬಿಚ್ಚು!"

ಎರಡು ಸಲ ಬಿಚ್ಚಿಸಿಕೊಂಡ ಮೇಷ್ಟ್ರ ಹೆಂಡತಿ ಆಮೇಲೆ ತಲೆಯೆತ್ತಲೇ ಇಲ್ಲ. ಎಳ್ಳಿನಷ್ಟು ಸಣ್ಣ ಹೊಲಿಗೆ, ಒತ್ತೊತ್ತಾಗಿ. ಅಷ್ಟರಲ್ಲಿ ಬೀದಿಯಿಂದ ಮೇಷ್ಟ್ರು, "ಬೀಗದ ಕೈ ಎಲ್ಲೇ?" ಎಂದು ಕೂಗಿದರು. ಆಕೆ ದಡಕ್ಕನೆ ಎದ್ದಳು. ಜೊತೆಗೆ ಬೊಂತೆಯೂ ಎದ್ದಿತು. ತನ್ನ ಸೆರಗನ್ನೂ ಸೇರಿಸಿಯೇ ಹೊಲಿದಿದ್ದಳು! ನಾನೂ ಅಜ್ಜಿಯೂ ಒಂದೊಂದು ಮೂಲೆ ಹಿಡಿದು ಎಳೆದೆವು. ಉಹ್ಞೂಂ.

ಅಜ್ಜಿ ಸುಸ್ತಾಗಿ ಕೂತು, "ಈಗ ಒಪ್ಪಿದೆ ಕಣೇ ನಿನ್ನ ಹೊಲಿಗೇನ" ಎಂದರು.

ಮೆತ್ತನೆಯ ಸೀರೆ

ಸೋಮವಾರ ಬೀಗಿತ್ತಿ ಬಂದರು. ತೊಟ್ಟಿಲಲ್ಲಿ ಹಾಸಿದ್ದ ಬೊಂತೆಯನ್ನು ಮುಟ್ಟಿದರು, ಮಗುಚಿದರು, ಹೊಲಿಗೆಯನ್ನು ಉಗುರಿನಿಂದ ಕೆದಕಿದರು. ಏನೂ ಸಿಗಲಿಲ್ಲ. ಮಗಳು ಉಸಿರು ಬಿಟ್ಟಳು. ಮಗುವನ್ನು ಮಲಗಿಸಿದೆವು.

ಆಗ ಬೀಗಿತ್ತಿ ನನ್ನತ್ತ ತಿರುಗಿ, "ಎಲ್ಲಾ ಸರಿ ಕಣ್ರೀ. ಮದುವೇಲಿ ನಾನು ಕೊಟ್ಟ ಸೀರೆ ಎಲ್ಲಿ? ಹೋಗಿ ಉಟ್ಕೊಂಡು ಬನ್ನಿ, ಆಮೇಲೆ ತೊಟ್ಟಿಲು ತೂಗೋಣ" ಎಂದರು.

ಎರಡೇ ಒಗೆತಕ್ಕೆ ಸೊಳ್ಳೆಪರದೆಯಾಗಿದ್ದ ಆ ಸೀರೆಯನ್ನು, ಒಂದು ಪದರ ಸಾಲದೆಂದು, ನಾನೇ ಬೊಂತೆಯ ಹೊಟ್ಟೆಗೆ ಸೇರಿಸಿದ್ದೆ. ತೊಟ್ಟಿಲ ಬಳಿ ಹಚ್ಚಿಟ್ಟ ದೀಪದ ಮುಂದೆ ಸುಳ್ಳು ಹೇಳುವಂತಿಲ್ಲ, ನಿಜ ಹೇಳಿದರೆ ಮಗಳ ಗತಿ? 'ಸ್ವಾಮೀ, ನೀನೇ ದಾರಿ ತೋರಿಸು' ಎಂದು ಕಣ್ಣು ಮುಚ್ಚಿದೆ.

ಸ್ವಾಮಿ ತಡಮಾಡಲಿಲ್ಲ. ಮೊಮ್ಮಗ ಬೊಂತೆಯನ್ನು ಚೆನ್ನಾಗಿ ತೋಯಿಸಿದ.

"ಇರಲಿ ಬಿಡಿ, ನಾನೂ ಒಂದು ಹೊಲಿದು ತಂದಿದೀನಿ" ಎಂದು ಬೀಗಿತ್ತಿ ಚೀಲದಿಂದ ಬೊಂತೆ ತೆಗೆದರು. ಹಾಸಲು ಬಿಡಿಸಿದೆ. ಅಡಿಪದರ ಗಿಳಿಹಸಿರು, ಮಾವಿನಕಾಯಿ ಅಂಚು. ಮದುವೆಯಲ್ಲಿ ನಾನು ಅವರಿಗೆ ಕೊಟ್ಟ ಸೀರೆ!

ನಾನು ಬೀಗಿತ್ತಿಯನ್ನು ನೋಡಿದೆ. ಬೀಗಿತ್ತಿ ತೊಟ್ಟಿಲ ಸರಪಣಿ ನೋಡಿದರು.

"ಅದೂ... ಬಲು ಮೆತ್ತಗಿತ್ತು ಕಣ್ರೀ. ಮಗುಗೆ ಆಗುತ್ತೆ ಅಂತ..."

"ನೀವು ಕೊಟ್ಟಿದ್ದೂ ಬಲು ಮೆತ್ತಗೇ ಇತ್ತು."

"ಹೌದಾ? ಎಲ್ಲಿದೆ?"

ನೆಂದ ಬೊಂತೆಯನ್ನು ಎತ್ತಿ ಹಿಡಿದೆ. "ಈಗ ತಾನೇ ನಿಮ್ಮ ಮೊಮ್ಮಗ ಪುಣ್ಯಾಹ ಮಾಡಿದನಲ್ಲ, ಇದರೊಳಗೆ."

ಕೇಳಿದ ನಿಮ್ಮೆಲ್ಲರ ಮನೆಯಲ್ಲೂ ತೊಟ್ಟಿಲು ತೂಗಲಿ, ಬೀಗರು ನಗುನಗುತ್ತಾ ಬಂದು ಹೋಗಲಿ, ಚಳಿಗೆ ಬೆಚ್ಚನೆಯ ಬೊಂತೆಯೊಂದು ಇರಲಿ. ಸ್ವಾಮಿ ಕಾಪಾಡಲಿ.